ಹುಲ್ಲು ಮೇಯುವ ಉಣ್ಣಿ

೧೧ ಜೂನ್ ೨೦೦೧, ಸೋಮವಾರ

ತಮ್ಮ ಸತ್ಯಪ್ಪಗೆ ಕಾಗದ ಬರೆಯಲು ಕುಳಿತವಳು ನಾಲ್ಕು ಸಾಲಿಗೆ ಹರಿದು ಹಾಕಿದೆ. ಅವನಿಗೆ ಓದು ಬಾರದು. ಯಾರಾದರೂ ಗಟ್ಟಿಯಾಗಿ ಓದಬೇಕು, ಹಟ್ಟಿಯವರೆಲ್ಲ ಸುತ್ತ ಕುಳಿತು ಕೇಳಬೇಕು. ಹೇಸಿಗೆಯ ಸುದ್ದಿಯನ್ನು ಹತ್ತು ಮಂದಿಯ ಮುಂದೆ ಓದಿಸಲೇನು? ಅದಕ್ಕೆ ಇದು ನನಗೆ ನಾನೇ ಬರೆದುಕೊಳ್ಳುವುದು.

ಖಾನಾಪುರಕ್ಕೆ ಬಂದು ವಾರವಾಯಿತು. ಸತ್ತ ತಂಗಿ ಕಾಶವ್ವನ ಮಗ ಬಾಳೇಶನ ತೋಟದ ಮನೆ. ತೋಟ ಅಂದರೆ ಏನೂ ಇಲ್ಲ, ಒಂದು ಗೋಡಂಬಿ ಗಿಡ, ಉಳಿದದ್ದೆಲ್ಲ ಹುಲ್ಲು. ಬೇಕಂತಲೇ ರೊಕ್ಕ ಹಾಕಿ ಬೆಳೆಸಿದ ಹುಲ್ಲು. ಲಾನ್ ಅನ್ನಬೇಕಂತೆ. ಅವನ ಹೆಂಡತಿ ತ್ರಿವೇಣಿ ಬಸುರಿ. ಏಳನೆಯ ತಿಂಗಳಲ್ಲೇ ರಕ್ತ ಕಂಡು ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ಮಲಗಿದ್ದಾಳೆ. ಹಡೆಯುವ ತನಕ ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ. ಅವಳ ತಾಯಿ ಗಂಗಾದೇವಿ ಅಲ್ಲೇ ಜೊತೆಗಿದ್ದಾಳೆ. ಬಾಳೇಶನ ಹಿಂದವಾಡಿಯ ಮನೆಯ ಮೇಲೆ ಮಾಳಿಗೆ ಕಟ್ಟಿಸುತ್ತಿದ್ದಾರೆ, ಬರೀ ಸಿಮೆಂಟಿನ ಧೂಳು. ಉಳಿದದ್ದು ಎರಡು ವರ್ಷದ ಕೂಸು ಸಮೃದ್ಧಿ, ಮತ್ತು ಕೈ ಖಾಲಿ ಇರುವ ನಾನು.

"ದೊಡವ್ವಾ, ಕೂಸಿನ ಮ್ಯಾಲ ಒಂದು ಕಣ್ಣು ಇಡ್ರಿ. ನನಗ ಬ್ಯಾರೆ ಏನೂ ಬ್ಯಾಡ," ಅಂದಳು ತ್ರಿವೇಣಿ, ನನ್ನ ಕೈ ಹಿಡಿದು. ಆಗಲಿ ಅಂದೆ. ಮತ್ತೇನು ಅನ್ನಲಿ.

ಕುರಿ ಹಿಕ್ಕೆಯಲ್ಲಿ ಕೈಯಿಟ್ಟು ಬೆಳೆದವಳು ನಾನು. ಮನುಷ್ಯರ ಕೂಸಿನ ಹೇಸಿಗೆ ಮಾತ್ರ ತಡೆಯಲಾರೆ. ಹಡೆಯಲಿಲ್ಲ, ರೂಢಿಯಾಗಲಿಲ್ಲ. ಇದಕ್ಕೆ ಹಗಲೂ ಇರುಳೂ ಮೂಗು ಸೋರುತ್ತದೆ. ತುಟಿಯ ಮೇಲೆ ಎರಡು ಹಸಿರು ಗೆರೆ. ಅದನ್ನು ಕೈಯಿಂದ ಒರೆಸಿಕೊಂಡು, ಅದೇ ಕೈಯಲ್ಲಿ ರೊಟ್ಟಿ ಹಿಡಿದು ನೆಕ್ಕಿ, ಉಳಿದ ತುಣುಕನ್ನು ನನ್ನ ಬಾಯಿಗೆ ಇಡಲು ಬರುತ್ತದೆ. ಮುಖ ತಿರುಗಿಸುತ್ತೇನೆ.

೧೫ ಜೂನ್, ಶುಕ್ರವಾರ

ಬಾಳೇಶ ಬೆಳಗಾವಿಯಿಂದ ಜೀಪಿನಲ್ಲಿ ಒಂದು ಯಂತ್ರ ತಂದ. ಏಪ್ರಿಲ್‌ನಲ್ಲಿ ಜರ್ಮನಿಗೆ ಹೋಗಿದ್ದನಲ್ಲ, ಯಂತ್ರಗಳ ಪ್ರದರ್ಶನ ನೋಡಲು, ಅಲ್ಲಿ ಕೊಂಡದ್ದು. ಹಡಗಿನಲ್ಲಿ ಬಂತಂತೆ. ಪುಣೆಯಿಂದ ಯಾರೋ ನೋಡಲು ಬರುತ್ತಾರೆ, ಅವರಿಗೆ ಮನಸ್ಸಿಗೆ ಬಂದರೆ ಇವನ ಉದ್ಯಮಬಾಗದ ಕಾರಖಾನೆಯಲ್ಲಿ ಇಂಥವಕ್ಕೆ ಬಿಡಿಭಾಗ ಮಾಡುವುದು ಅಂತ ಲೆಕ್ಕ.

ಡಬ್ಬಿಯಿಂದ ಹೊರಗೆ ತೆಗೆದಾಗ ನನಗೆ ಮೈ ಜುಮ್ಮೆಂದಿತು. ದುಂಡಗೆ, ಬೂದು ಬಣ್ಣ, ಬೆನ್ನು ಉಬ್ಬಿಕೊಂಡು, ಕಾಲು ಕಾಣಿಸದೆ. ಥೇಟು ಉಣ್ಣಿ. ಕುರಿಯ ಕಿವಿಯ ಹಿಂದೆ ರಕ್ತ ಕುಡಿದು ಊದಿರುತ್ತದಲ್ಲ, ಅದೇ.

"ಇದನ್ನ ಹಿಡಿದು ನಡಸಾವರು ಯಾರೋ?" ಅಂದೆ.

"ಯಾರೂ ಹಿಡಿಯೂದಿಲ್ಲ ದೊಡವ್ವಾ. ತಾನ ಅಡ್ಡಾಡತೈತಿ, ತಾನ ಹುಲ್ಲ ಕೊಯ್ಯತೈತಿ. ಹಸಿವಾದರ ತಾನ ಗೂಡಿಗಿ ಬಂದು ಕರೆಂಟ್ ಕುಡಿತೈತಿ."

"ಕೊಯ್ದ ಹುಲ್ಲು?"

"ಪುಡಿ ಮಾಡಿ ಅಲ್ಲೇ ಬಿಡತೈತಿ."

"ಯಾರ ತಿಂತಾರದನ್ನ?"

"ಯಾರೂ ತಿನ್ನೂದಿಲ್ಲ."

ಯಾರ ಬಾಯಿಗೂ ಹೋಗದ ಹುಲ್ಲನ್ನು ಬೆಳೆಸಿ, ಅದನ್ನು ಯಾರ ಬಾಯಿಗೂ ಹೋಗದಂತೆ ಕೊಯ್ಯಲು ಹಡಗಿನಲ್ಲಿ ಉಣ್ಣಿ ತರಿಸುವುದು. ನನಗೆ ಇದು ಅನ್ನ ತುಳಿದಂತೆ ಕಾಣುತ್ತದೆ.

ಹುಲ್ಲಿನ ಅಂಚಿಗೆ ಸುತ್ತಲೂ ಒಂದು ಸಣ್ಣ ತಂತಿ ನೆಟ್ಟ. ಅದನ್ನು ದಾಟುವುದಿಲ್ಲವಂತೆ. ತಂತಿಯ ವಾಸನೆ ಬಡಿದಂತೆ ತಿರುಗಿಕೊಳ್ಳುತ್ತದೆ. "ಕೂಸು ಅಡ್ಡ ಬಂದರ?" ಅಂದೆ. "ಬಡದರ ತಿರಗತೈತಿ ದೊಡವ್ವಾ, ಅದಕ್ಕ ಬುದ್ಧಿ ಐತಿ."

"ಎಷ್ಟು, ನಿನಗ ಇದ್ದಷ್ಟ?"

ನಕ್ಕ. ಅವನವ್ವನಂತೆಯೇ ನಗುತ್ತಾನೆ, ಹಲ್ಲೆಲ್ಲ ಕಾಣುವಂತೆ.

೨೧ ಜೂನ್, ಮಣ್ಣೆತ್ತಿನ ಅಮಾವಾಸ್ಯೆ

ಮಳೆ ಹಿಡಿದಿದೆ. ಕೂಸಿಗೆ ಎರಡು ಮಣ್ಣೆತ್ತು ಮಾಡಿಕೊಟ್ಟೆ. ಒಂದರ ಕೊಂಬು ಕಚ್ಚಿ ತಿಂದಿತು.

ಉಣ್ಣಿ ಬೆಳಿಗ್ಗೆ ಒಂದು ಸಲ, ಹೊತ್ತು ಮುಳುಗುವಾಗ ಒಂದು ಸಲ ತಾನಾಗಿ ಗೂಡಿನಿಂದ ಹೊರಬೀಳುತ್ತದೆ. ಸದ್ದೇ ಇಲ್ಲ. ಬೆಕ್ಕಿಗಾದರೂ ಸದ್ದಿರುತ್ತದೆ. ಇವತ್ತು ಬೀದಿನಾಯಿ ಹುಲ್ಲಿನ ಮೇಲೆ ಹೇತು ಹೋಗಿತ್ತು. ಮನುಷ್ಯನಾದರೆ ಸುತ್ತಿ ಹೋಗುತ್ತಾನೆ, ಕುರಿಯೂ ಮೂಸಿ ಬಿಡುತ್ತದೆ. ಬುದ್ಧಿ ಇರುವ ಈ ಯಂತ್ರ ಅದರ ಮೇಲೇ ಹಾಯ್ದು, ಗಾಲಿಗೆ ಮೆತ್ತಿಕೊಂಡು, ಅಂಗಳದ ತುಂಬ ಸಾರಣೆ ಮಾಡಿತು. ನಾನು ನೋಡುವಷ್ಟರಲ್ಲಿ ಕೂಸು ಅಲ್ಲೇ ಕುಂಡಿಯೂರಿ ಕುಳಿತು ಕೈಯಾಡಿಸುತ್ತಿತ್ತು. ಮೂರು ಬಿಂದಿಗೆ ನೀರು ಸುರಿದೆ. ಉಸಿರು ಬಿಗಿಹಿಡಿದು ತೊಳೆದೆ.

ಸಂಜೆ ಕಪ್ಪೆಗಳು. ಮೊದಲ ಮಳೆಗೆ ಎದ್ದು ಬಂದವು, ಹುಲ್ಲಿನ ತುಂಬ. ಉಣ್ಣಿ ನಡುವೆ ಓಡಾಡಿತು. ಒಂದು ಕಪ್ಪೆಯ ಹಿಂದಿನ ಅರ್ಧ ಮಾತ್ರ ಇನ್ನೂ ಜಿಗಿಯಲು ನೋಡುತ್ತಿತ್ತು. ಹೋಳಿಗೆ ಮಾಡಿದ್ದೆ, ಮುಟ್ಟಲಿಲ್ಲ.

ಬಾಳೇಶ ಫೋನಿನಲ್ಲಿ, "ಅದರ ಹೊಟ್ಟಿ ಕೆಳಗ ಒಮ್ಮೆ ಕೆರದು ಬಿಡು ದೊಡವ್ವಾ," ಅಂದ.

"ನಾ ಅದನ್ನ ಮುಟ್ಟೂದಿಲ್ಲ," ಅಂದೆ.

೨೮ ಜೂನ್, ಗುರುವಾರ

ನಾರುತ್ತಿದೆ. ಅಂಗಳಕ್ಕೆ ಹೋದರೆ ಹಳೇ ಹೆಣದ ವಾಸನೆ. ಬಾಳೇಶ ಬಂದು ಉಣ್ಣಿಯನ್ನು ಅಂಗಾತ ಹಾಕಿದ. ನಾನು ಸೆರಗು ಮೂಗಿಗೆ ಹಿಡಿದು ದೂರ ನಿಂತಿದ್ದೆ. ಕುರಿಯ ಹೊಟ್ಟೆ ಸೀಳಿದಾಗ ಒಳಗೆ ಅರೆಬರೆ ಅರಗಿದ ಹುಲ್ಲು ಇರುತ್ತದಲ್ಲ, ಹಾಗೆ ಕರಿಹಸಿರಿನ ಮುದ್ದೆ. ಅದರೊಳಗೆ ಹುಳ, ಬಸವನಹುಳದ ಚಿಪ್ಪು, ಕಪ್ಪೆಯ ಬೆರಳು. ಬಾಳೇಶ ಬರಿಗೈಯಿಂದ ಕೆರೆಯಲು ಹೋದ. ನಡುವಿನ ದುಂಡು ತಟ್ಟೆ ತಾನೇ ತಿರುಗಿ ಹೆಬ್ಬೆರಳಿಗೆ ಗೀರಿತು. ಆ ತಟ್ಟೆಯ ಅಂಚಿಗೆ ಮೂರು ಬ್ಲೇಡು ಜೋತುಬಿದ್ದಿವೆ, ಹಜಾಮರ ಬ್ಲೇಡಿನಷ್ಟೇ ತೆಳು.

"ಬಂದ್ ಮಾಡಿದ್ದಿಲ್ಲೇನೋ?"

"ಮ್ಯಾಲಿನ ಬಟನ್ ಒತ್ತಿದ್ನಿ." ಬೆರಳು ಚೀಪಿಕೊಂಡ. ಆ ಕೈಯನ್ನು. ನಾನು ಒಳಗೆ ಬಂದುಬಿಟ್ಟೆ.

ಮಧ್ಯಾಹ್ನ ಸತ್ಯಪ್ಪ ಬಂದಿದ್ದ. ತಾಯಿ ಸತ್ತ ಒಂದು ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದು, "ಅಕ್ಕಾ, ಬಾಟಲಿ ಹಾಲು ಕುಡಿಸು, ಉಳದರ ಉಳಿಲಿ," ಅಂತ ಬಿಟ್ಟುಹೋದ. ಉಣ್ಣಿಯನ್ನು ಬಹಳ ಹೊತ್ತು ನೋಡಿದ. "ಸದ್ದಿಲ್ಲದ ದನಾ ನಂಬಬ್ಯಾಡ," ಅಂದ.

ಈಗ ಎರಡು ಬಾಟಲಿ. ಕೂಸಿನದು ಮರಿ ಚೀಪುತ್ತದೆ, ಮರಿಯದು ಕೂಸು ಚೀಪುತ್ತದೆ. ಕಸಿದುಕೊಂಡು ಕಸಿದುಕೊಂಡು ಸಾಕಾಯಿತು.

೨ ಜುಲೈ, ಸೋಮವಾರ

ಸತ್ಯಪ್ಪನ ಮಾತು ತಲೆಯಲ್ಲೇ ಇತ್ತು. ಮರಿ ಸುತ್ತಿ ತಂದ ಕಂಬಳಿಯ ಗಂಟಿನಲ್ಲಿ ಹಳೆಯ ಟಗರಿನ ಗಂಟೆಯೊಂದು ಸಿಕ್ಕಿತು. ಅದನ್ನು ಉಣ್ಣಿಯ ಬೆನ್ನಿನ ಹಿಡಿಕೆಗೆ ಬಿಗಿದೆ, ಕೈಗೆ ಬಟ್ಟೆ ಸುತ್ತಿಕೊಂಡು. ನಮ್ಮ ಹಿರಿಯರಿಗೆ ಕತ್ತಲಲ್ಲಿ ನೂರು ಕುರಿ ಎಲ್ಲಿವೆ ಅಂತ ಗಂಟೆಯಿಂದಲೇ ಗೊತ್ತಾಗುತ್ತಿತ್ತು. ಈಗ ನಾನು ಒಲೆಯ ಮುಂದೆ ಕುಳಿತೇ ಅದು ಎತ್ತ ಇದೆ ಅಂತ ಹೇಳಬಲ್ಲೆ. ಇಷ್ಟು ದಿನ ಈ ಬುದ್ಧಿ ಹೊಳೆಯಲಿಲ್ಲವಲ್ಲ.

೩ ಜುಲೈ

ಕೂಸಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ.

೪ ಜುಲೈ, ಬುಧವಾರ

ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಕೂಸು ಪಡಸಾಲೆಯಲ್ಲಿ ಮಲಗಿತ್ತು. ಗಂಟೆ ದೂರದಲ್ಲಿ ಕೇಳುತ್ತಿತ್ತು, ನಿಶ್ಚಿಂತೆಯಿಂದ ಇದ್ದೆ. ಆಮೇಲೆ ಗಂಟೆಯ ಜೊತೆಗೆ ಕಾಲ್ಗೆಜ್ಜೆ ಕೇಳಿತು. ಕಿಟಕಿಯಿಂದ ನೋಡಿದೆ. ಮುಂದೆ ಉಣ್ಣಿ, ಅದರ ಹಿಂದೆ ಮರಿ, ಮರಿಯ ಹಿಂದೆ ಕೂಸು. ಸಾಲಾಗಿ, ಮದುವೆಗೆ ಹೊರಟವರಂತೆ.

ಮರಿಯದೇನು ತಪ್ಪು. ಗಂಟೆ ಎತ್ತ ಹೋಗುತ್ತದೋ ಅತ್ತ ಹೋಗು ಅಂತಲೇ ಅದು ಹುಟ್ಟಿರುವುದು. ಮೂರು ದಿನದ ಮರಿಗೂ ಅದು ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೊಯ್ಯುವ ಬಾಯಿಗೆ ಗಂಟೆ ಕಟ್ಟಿದೆ. ಸಾಲಿ ಕಲಿತ ಯಾರೂ ಮಾಡದ ತಪ್ಪು, ಕುರಿ ಕಾಯುವವರ ಮಗಳು ಮಾಡುವ ತಪ್ಪು.

ಉಣ್ಣಿ ತಂತಿಯ ತನಕ ಹೋಗಿ ತಿರುಗಿತು. ಮರಿ ಅದರ ಮುಂದೆ ಮುಂಗಾಲು ಮಡಚಿ ಮಂಡಿಯೂರಿ ತಲೆಯನ್ನು ಅದರ ಅಡಿಗೆ ತೂರಿಸಲು ನೋಡಿತು, ಮೊಲೆ ಹುಡುಕಲು. ತಬ್ಬಲಿ ಮರಿ, ಅದಕ್ಕೇನು ಗೊತ್ತು. ಕೂಸು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮರಿ ಏನು ಕುಡಿಯುತ್ತದೆ ಅಂತ ನೋಡಲು ತಾನೂ ಕೈ ಚಾಚಿತ್ತು.

ಹೇಗೆ ಓಡಿದೆನೋ. ಕೂಸಿನ ಅಂಗಿ ಹಿಡಿದು ಎಳೆದೆ, ಯಂತ್ರವನ್ನು ಒದ್ದೆ. ಅದು ಅಂಗಾತ ಬಿದ್ದು ಸುಮ್ಮನಾಯಿತು. ಮರಿಯ ಬಲ ಮುಂಗಾಲಿನ ಗೊರಸು ಒಂದು ಹೋಳು ಇಲ್ಲ. ರಕ್ತ, ಉಣ್ಣೆ, ಹುಲ್ಲಿನ ಪುಡಿ, ನನ್ನ ಕೈಯ ಜೋಳದ ಹಿಟ್ಟು, ಎಲ್ಲ ಕಲೆತು ಮುದ್ದೆ. ಅಲ್ಲೇ ಕಾರಿಕೊಂಡೆ. ಕೂಸು ನಗುತ್ತಿತ್ತು. ರಕ್ತದ ಕೈಯಿಂದ ನನ್ನ ಬಾಯಿ ಒರೆಸಿತು.

ಅರಿಷಿಣ, ಬೇವಿನೆಣ್ಣೆ ಹಚ್ಚಿ ಮರಿಯ ಕಾಲು ಕಟ್ಟಿದೆ. ಕೂಸಿನ ಹತ್ತು ಬೆರಳನ್ನು ಎಷ್ಟು ಸಲ ಎಣಿಸಿದೆನೋ ಲೆಕ್ಕವಿಲ್ಲ.

೯ ಜುಲೈ, ಸೋಮವಾರ

ಬಾಳೇಶ ಬಂದ, ನಡೆದದ್ದನ್ನೆಲ್ಲ ಹೇಳಿದೆ. "ಶೆಡ್ಡಿನಾಗ ಹಾಕಿ ಕೀಲಿ ಜಡಿತೀನಿ ದೊಡವ್ವಾ. ಪುಣೆಯವರು ಬಂದಾಗ ಒಂದ ದಿನಾ ತಗದರಾತು."

"ಆ ಒಂದ ದಿನಾ ಕೂಸು ಎಲ್ಲಿರತೈತಿ?" ಅಂದೆ. "ನೀ ಹೊರಗ ತಗದ ತಗೀತಿ, ನನಗ ಗೊತ್ತೈತಿ. ಅದರಕಿಂತ ನನಗ ಕಲಿಸು. ಹಲ್ಲು ಎಲ್ಲಿ, ಕರಳು ಎಲ್ಲಿ, ಎದಕ್ಕ ನಿಂದರತೈತಿ, ಎದಕ್ಕ ನಿಂದರೂದಿಲ್ಲ."

"ನಿನಗ ವಾಕರಿಕಿ ಬರತೈತಿ ದೊಡವ್ವಾ."

"ಬರಲಿ. ಬಂದು ಹೋಗತೈತಿ."

ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಅವನು ತೆರೆದೇ ಇರಲಿಲ್ಲ. ನನ್ನ ಮುಂದೆ ಕುಳಿತು ಓದಿ ಓದಿ ಹೇಳಿದ. ತಾನಾಗಿ ಹೊರಬೀಳುವುದನ್ನು ಮೊದಲು ತೆಗೆಸಿದೆ. ಮೇಲಿನ ಬಟನ್ ಒತ್ತಿದರೆ ಅದು ನಿಲ್ಲುತ್ತದೆ, ಸಾಯುವುದಿಲ್ಲ. ಹಿಂದಿನ ಕೆಂಪು ಕೀಲಿ ತೆಗೆದರೆ ಮಾತ್ರ ಸಾಯುತ್ತದೆ. ಸತ್ತ ಮೇಲೂ ತಟ್ಟೆ ಕೈ ತಗುಲಿದರೆ ತಿರುಗುತ್ತದೆ, ಅದಕ್ಕೆ ದಪ್ಪ ಚರ್ಮದ ಕೈಗವಸಿಲ್ಲದೆ ಹೊಟ್ಟೆಯ ಹತ್ತಿರ ಹೋಗಬಾರದು. ನೀರು ಸುರಿಯಬಾರದು, ಒಳಗಿನ ತಲೆ ಕೆಡುತ್ತದಂತೆ. ಕಟ್ಟಿಗೆಯ ಚಮಚದಿಂದ ಕೆರೆದು ಕುಂಚದಿಂದ ಒರೆಸಬೇಕು.

ಇವತ್ತು ನಾನೇ ಕೆರೆದೆ. ಎರಡು ಸಲ ವಾಕರಿಕೆ ಬಂತು, ಮೂರನೆಯ ಸಲ ಬರಲಿಲ್ಲ. ಒಂದು ಬ್ಲೇಡಿನ ತಿರುಪು ಸಡಿಲಾಗಿತ್ತು. ಹಾಗೇ ತಿರುಗಿದ್ದರೆ ಬ್ಲೇಡು ಕಿತ್ತು ಹಾರುತ್ತಿತ್ತು. ಬಾಳೇಶನ ಕಾರಖಾನೆಯಿಂದ ತಿರುಪುಗೋಲು ತರಿಸಿಕೊಂಡೆ. ಹೊಲಸು ಕೆಲಸ. ಕುರಿಯ ಕಾಲು ಕೊಳೆತಾಗ ಹೀಗೇ ಅಂಗಾತ ಹಾಕಿ ಕೆರೆಯುತ್ತಿದ್ದೆವು, ಆ ನಾತಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಕೆಂಪು ಕೀಲಿ ಈಗ ನನ್ನ ಎಲೆಯಡಿಕೆ ಚಂಚಿಯಲ್ಲಿರುತ್ತದೆ. ಗಂಟೆ ಬಿಚ್ಚಿ ನನ್ನ ಕೈಯಲ್ಲಿ ಇಟ್ಟುಕೊಂಡಿದ್ದೇನೆ.

೧೪ ಜುಲೈ, ಶನಿವಾರ

ಹಟ್ಟಿಯಲ್ಲಿ ತೋಳ ಬಂತೆಂದರೆ ಗಂಟೆ ಬಡಿದು ಕುರಿಯನ್ನು ಒಳಗೆ ಕರೆಯುತ್ತಾರೆ. ಅದನ್ನೇ ಮಾಡುತ್ತಿದ್ದೇನೆ. ಮೊದಲು ಗಂಟೆ. ಕೂಸೂ ಮರಿಯೂ ಕಟ್ಟೆ ಏರಬೇಕು, ಕೂಸಿಗೆ ಬೆಲ್ಲ, ಮರಿಗೆ ಹಿಡಿ ಜೋಳ. "ಕಾಲ ಮ್ಯಾಲ" ಅನ್ನಬೇಕು, ಕಾಲು ಎತ್ತಿಕೊಳ್ಳಬೇಕು. ಆಮೇಲೆ ಇಬ್ಬರನ್ನೂ ಒಳಗೆ ಹಾಕಿ ಚಿಲಕ. ಆಮೇಲೆ ಅಂಗಳ ಸುತ್ತಿ ಕಲ್ಲು, ಗೋಡಂಬಿ ಗಿಡದ ಕಡ್ಡಿ, ನಾಯಿ ಹೇಲು ಎಲ್ಲ ಎತ್ತಿ ಹಾಕಿ, ತಂತಿ ಎಲ್ಲಾದರೂ ಎದ್ದಿದೆಯೇ ಅಂತ ಕಾಲಿಂದ ಸವರಿ ನೋಡಿ, ಕೊನೆಗೆ ಕೀಲಿ. ಬಿಸಿಲು ಬಂದಾಗ ಮಾತ್ರ. ಸಂಜೆ ಕಪ್ಪೆಗಳದ್ದು.

ಬಾಳೇಶ, "ಸಾಲಿ ಮಾಸ್ತರಕಿಂತ ಕಡಕ್ ಆದಿ ನೀ," ಅಂದ.

ಸಮೃದ್ಧಿ ಇವತ್ತು ನಾಲ್ಕು ಸಲ ಬೆಲ್ಲ ತಿಂದಳು. ಉಣ್ಣಿ ಹೊರಟದ್ದು ಒಂದೇ ಸಲ.

೨೫ ಜುಲೈ, ನಾಗರ ಪಂಚಮಿ

ಗಂಗಾದೇವಿ ದವಾಖಾನೆಯಿಂದ ಬಿಡುವು ಮಾಡಿಕೊಂಡು ಡಬ್ಬಿ ತುಂಬ ಉಂಡಿ ತಂದಿದ್ದಳು. ಶಹಾಪುರದ ಮಗ್ಗದವರ ಓಣಿಯಲ್ಲಿ ಬೆಳೆದವಳು, ಉಟ್ಟಿದ್ದು ಇಳಕಲ್ ಸೀರೆ. ಕಾರಿನಿಂದ ಇಳಿಯುತ್ತಲೇ ನಿರಿಗೆ ಎತ್ತಿಕೊಂಡು, "ಏನ್ರಿ ಮಾಯವ್ವಾರ, ಇದು ಮನಿಯೋ ಕೊಟಗಿಯೋ? ಏನ ನಾರತೈತಿ," ಅಂದಳು.

"ಕೂಸು, ಮರಿ, ಯಂತ್ರ, ಮೂರೂ ಕೂಡಿ ನಾರತಾವರಿ. ಕುಂದರ್ರಿ."

ಮರಿಯ ಕುಂಟುಗಾಲು ಕಂಡು ಏನಾಯಿತು ಅಂದಳು. ಮುಚ್ಚಲಿಲ್ಲ, ಎಲ್ಲ ಹೇಳಿದೆ. "ಹಡದಾಕಿ ಆಗಿದ್ದರ ಗಂಟಿ ಕಟ್ಟತಿದ್ದಿಲ್ಲ ಬಿಡ್ರಿ," ಅಂದಳು.

ಕೈಯಲ್ಲಿದ್ದ ಉಂಡಿ ಕೆಳಗಿಟ್ಟೆ. ನೀರು ಕುಡಿದೆ. "ಖರೇ ಐತಿ," ಅಂದೆ.

"ಅರಿವಿ ಕಟ್ಟರಿ ಕೂಸಿನವು. ನನ್ನ ಜೋಡಿ ಬರಲಿ. ವಾರ್ಡಿನಾಗ ಕೆಳಗ ಹಾಸಿ ಮಲಗಸತೀನಿ, ಇಲ್ಲಿಕಿಂತ ಚಲೋ."

"ಕರಕೊಂಡ ಹೋಗ್ರಿ. ನಾ ಬ್ಯಾಡ ಅನ್ನಾಕ ಯಾರು. ಹೋಗೂಕಿಂತ ಮದಲ ಒಂದು ನೋಡ್ರಿ."

ಗಂಟೆ ಬಾರಿಸಿದೆ. ಗೋಡಂಬಿ ಗಿಡದ ಹಿಂದಿನಿಂದ ಸಮೃದ್ಧಿ ಓಡಿಬಂದಳು, ಮರಿ ಕುಂಟುತ್ತ ಹಿಂದೆ. ಎರಡೂ ಕಟ್ಟೆ ಏರಿದವು. ಅವಳು ತನ್ನ ಕಾಲು ಎತ್ತಿಕೊಂಡು, ಅಜ್ಜಿಯ ಮೊಣಕಾಲಿಗೆ ಬಡಿಯತೊಡಗಿದಳು. "ಆಯೀ, ಕಾಲ ಮ್ಯಾಲ. ಉಣ್ಣಿ ಬಂತು. ಕಾಲ ಮ್ಯಾಲ." ಪಂಚಮಿಯ ದಿನ ಏನನ್ನೂ ಕೊಯ್ಯಬಾರದು, ಉಣ್ಣಿ ಗೂಡಿನಲ್ಲೇ ಸತ್ತು ಬಿದ್ದಿತ್ತು. ಅದು ಅವಳಿಗೆ ಲೆಕ್ಕವಿಲ್ಲ. ಬಿಡಲೇ ಇಲ್ಲ. ಕೊನೆಗೆ ಗಂಗಾದೇವಿ ಇಳಕಲ್ ಸೀರೆ ಸಮೇತ ಎರಡೂ ಕಾಲು ಎತ್ತಿ ಚಕ್ಕಳಬಕ್ಕಳ ಹಾಕಿದಳು.

"ಎಷ್ಟೊತ್ತರಿ ಹಿಂಗ ಕುಂದರೂದು?"

"ಆಕಿ ಬೆಲ್ಲಾ ಮುಗಿಯೂ ಮಟಾ."

ನಗಬಾರದು ಅಂತ ತುಟಿ ಕಚ್ಚಿಕೊಂಡಳು. ಕಾರು ಹತ್ತುವಾಗ ಕೂಸನ್ನು ಕೇಳಲಿಲ್ಲ. "ಮೂಗಾದರೂ ಒರಸರಿ ಆಕಿದು," ಅಂದಳು ಅಷ್ಟೇ. ಒರೆಸಿದೆ. ಹತ್ತಿರ ಏನೂ ಇರಲಿಲ್ಲ, ಸೆರಗಿನಿಂದಲೇ.

೧೦ ಆಗಸ್ಟ್, ಶುಕ್ರವಾರ

ಗಂಡು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಬ್ಲೇಡು ಮೂರನ್ನೂ ಬದಲಿಸಿದೆ, ಮೊಂಡಾಗಿದ್ದವು. ಹಳೆಯವನ್ನು ಡಬ್ಬಿಗೆ ಹಾಕಿ ನೆಲದಲ್ಲಿ ಹೂತೆ.

೨೩ ಆಗಸ್ಟ್

ಪುಣೆಯವರು ಬಂದು ಚಹ ಕುಡಿದು ಹೋದರು. ಈ ದೇಶದಲ್ಲಿ ಹುಲ್ಲು ಕೊಯ್ಯಲು ಯಾರೂ ಇಷ್ಟು ರೊಕ್ಕ ಕೊಡುವುದಿಲ್ಲವಂತೆ. ಅದನ್ನು ನಾನು ಮೊದಲ ದಿನವೇ ಹೇಳುತ್ತಿದ್ದೆ, ಯಾರಾದರೂ ಕೇಳಿದ್ದರೆ. ಒಬ್ಬ ಚಕ್ಕಡಿಯಂಥ ಬೂಟು ಹಾಕಿಕೊಂಡು, ಉಣ್ಣಿ ಹುಲ್ಲಿನ ಮೇಲೆ ಓಡಾಡುತ್ತಿರುವಾಗಲೇ ಬಗ್ಗಿ ಎತ್ತಲು ಹೋದ. ಕೈಗೆ ಒಂದು ಏಟು ಕೊಟ್ಟೆ. ಬಾಳೇಶ ನಾಚಿ ನೀರಾದ. ಆ ಬೂಟಿನವನ ಬೆರಳು ಅವನ ಹತ್ತಿರವೇ ಉಳಿದವಲ್ಲ, ಸಾಕು.

೧೬ ಸೆಪ್ಟೆಂಬರ್, ಭಾನುವಾರ

ತ್ರಿವೇಣಿ ಬಂದಿದ್ದಳು, ಹಸುಗೂಸನ್ನು ಎದೆಗೆ ಅವುಚಿಕೊಂಡು. ಶಹಾಪುರಕ್ಕೆ ಬಾಣಂತನಕ್ಕೆ ಹೊರಟಿದ್ದಾರೆ, ಸಮೃದ್ಧಿಯನ್ನೂ ಕರೆದುಕೊಂಡು ಹೋಗಲು ಬಂದರು. ಹುಲ್ಲಿನ ಅಂಚಿನಲ್ಲೇ ನಿಂತು ತ್ರಿವೇಣಿ, "ಅವ್ವ ಎಲ್ಲಾ ಹೇಳ್ಯಾಳ್ರಿ ದೊಡವ್ವಾ," ಅಂದಳು. ನಾನು ತಲೆ ತಗ್ಗಿಸಿದೆ. "ಕಾಲು ಎತ್ತಿದ್ದೂ ಹೇಳ್ಯಾಳ," ಅಂದಳು.

ಎರಡು ಅಂಗಿ, ಬಾಟಲಿ, ಕೊಂಬಿಲ್ಲದ ಮಣ್ಣೆತ್ತು, ಎಲ್ಲ ಗಂಟು ಕಟ್ಟಿ ಕೊಟ್ಟೆ. ಮರಿ ನನ್ನ ಹತ್ತಿರ ಉಳಿಯಿತು. ಕಾರಿನಲ್ಲಿ ಕುಳಿತವಳು ತಮ್ಮನ ಮೂಗು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಕೂಸುಗಳೇ ಹಾಗೆ.

ಕೈಯಲ್ಲಿ ಗಂಟೆ ಇತ್ತು. ಯಾಕೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದೆನೋ. ಅಲುಗಿದರೆ ಅವಳು ಇಳಿದು ಓಡಿಬರುತ್ತಾಳೆ, ಅದು ಖಂಡಿತ. ಅದಕ್ಕೆ ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತೆ, ಕಾರು ತಿರುವು ದಾಟುವ ತನಕ.

೧೭ ಸೆಪ್ಟೆಂಬರ್, ಸೋಮವಾರ

ಬಿಸಿಲು ಬಂತು. ಉಣ್ಣಿಯನ್ನು ಅಂಗಾತ ಹಾಕಿ ಹೊಟ್ಟೆ ಕೆರೆದೆ. ಒಳ್ಳೆಯ ನಾತ. ಮಳೆ ಕಡಿಮೆಯಾಯಿತು, ಹುಲ್ಲು ಬೆಳೆಯುವುದು ನಿಂತಿದೆ. ನಾಡಿದ್ದು ಬಾಳೇಶ ಇದನ್ನು ಒಣ ಜಾಗದಲ್ಲಿ ಗೋಣಿಚೀಲ ಹೊದಿಸಿ ಇಡುತ್ತಾನೆ, ನಾನು ಮರಿ ಎತ್ತಿಕೊಂಡು ಹಟ್ಟಿಗೆ ಹೋಗುತ್ತೇನೆ. ಕೀಲಿಯನ್ನು ಬೇರೆ ಕಡೆ ಇಡು ಅಂತ ಎರಡು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳಬೇಕು.

ಬಟ್ಟೆ ಒಗೆಯಲು ತೆಗೆದೆ. ನಿನ್ನೆ ಉಟ್ಟ ಸೀರೆಯ ಸೆರಗಿನ ತುದಿಗೆ ಅವಳ ಸಿಂಬಳ ಒಣಗಿ ಗಟ್ಟಿಯಾಗಿ ಅಂಟಿಕೊಂಡಿದೆ. ಹಸಿರು. ಥೂ.

ಉಳಿದದ್ದೆಲ್ಲ ಒಗೆದೆ. ಆ ಸೀರೆಯನ್ನು ಮಾತ್ರ ಮಡಚಿ ಟ್ರಂಕಿನಲ್ಲಿ ಇಟ್ಟೆ.